ಹಗ್ಗ ಹಿಡಿದು ನಿಂತವರೂ ಜೀವ ಉಳಿಸುತ್ತಾರೆ: ಮುಂಬೈ ಮಳೆಗಾಲಕ್ಕೆ ಹೊಸ ಸ್ವಯಂಸೇವಕರ ಕೈಪಿಡಿ

ಜೂನ್ ಬಂತೆಂದರೆ ಮುಂಬೈಯ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳ ಮಾತೇ ಬದಲಾಗುತ್ತದೆ. ಮದುವೆ ಕರೆಯೋಲೆ, ಯಕ್ಷಗಾನದ ಪೋಸ್ಟರ್ ಎಲ್ಲ ಹಿಂದೆ ಸರಿದು "ಸಯಾನ್‌ನಲ್ಲಿ ನೀರು ಎಷ್ಟಿದೆ?", "ಕುರ್ಲಾದಿಂದ ಲೋಕಲ್ ಬಿಡ್ತಾ ಇದ್ದಾರಾ?" ಎಂಬ ಪ್ರಶ್ನೆಗಳು ಶುರುವಾಗುತ್ತವೆ. ಆ ಗುಂಪುಗಳಲ್ಲಿ ಯಾರಿಗೋ ತೊಂದರೆ ಎಂದು ಸುದ್ದಿ ಬಂದ ಕೂಡಲೇ "ನಾನು ಬರ್ತೀನಿ" ಎಂದು ಕೈ ಎತ್ತುವ ಹುಡುಗ ಹುಡುಗಿಯರು ಇದ್ದಾರಲ್ಲ, ಇದು ಅವರಿಗಾಗಿ ಬರೆದದ್ದು. ಡೊಂಬಿವಲಿ, ಮುಲುಂಡ್, ಘಾಟ್ಕೋಪರ್, ಮಾಟುಂಗ, ಅಂಧೇರಿ, ಎಲ್ಲಿಯವರೇ ಆಗಿರಲಿ.

2005ರ ಜುಲೈ 26ನ್ನು ನೋಡಿದವರಿಗೆ ಮಳೆ ಎಂದರೆ ಏನು ಎಂದು ಹೇಳಬೇಕಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿಯಿತು. ಮೀಠಿ ನದಿ ಉಕ್ಕಿ ಮನೆಗಳಿಗೆ ನುಗ್ಗಿತು. ಆವತ್ತು ಬಹಳ ಮಂದಿಯನ್ನು ಕಾಪಾಡಿದ್ದು ಅಕ್ಕಪಕ್ಕದವರು. ಮುಂದೆಯೂ ಹಾಗೆಯೇ. ಅಗ್ನಿಶಾಮಕ ದಳ ಎಷ್ಟೇ ಚುರುಕಾಗಿದ್ದರೂ ನೀರು ತುಂಬಿದ ರಸ್ತೆಯಲ್ಲಿ ಅವರು ತಲುಪುವವರೆಗೆ ಜಾಗದಲ್ಲಿ ಇರುವವರು ನೀವೇ. ಅದಕ್ಕೇ ನಿಮಗೆ ಸರಿಯಾಗಿ ಗೊತ್ತಿರಬೇಕು.

ಹೊಸಬರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ನಿಮ್ಮ ಕೆಲಸ ಎಲ್ಲರಿಗಿಂತ ಮುಂದೆ ಧುಮುಕುವುದು ಎಂದುಕೊಳ್ಳಬೇಡಿ. ನಿಮಗೆ ಕೊಟ್ಟ ಜಾಗ ಬಿಡದೆ, ಕೊಟ್ಟ ಕೆಲಸ ಮುಗಿಯುವವರೆಗೆ ನಿಲ್ಲುವುದೇ ನಿಮ್ಮ ಕೆಲಸ. ಹೇಳುವುದು ಸುಲಭ. ಎದುರಿಗೆ ಒಬ್ಬರು ಕೂಗುತ್ತಿರುವಾಗ ನಿಂತಲ್ಲೇ ನಿಲ್ಲುವುದು ತುಂಬಾ ಕಷ್ಟ. ಅದಕ್ಕೆ ಅಭ್ಯಾಸ ಬೇಕು.

1. ಮೊದಲು ಒಂದು ತಂಡಕ್ಕೆ ಸೇರಿ

ಮಳೆ ಬಂದ ದಿನ ತಂಡ ಹುಡುಕಲು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲೇ ಸೇರಿಕೊಳ್ಳಿ. ದಾರಿಗಳು ಹಲವು ಇವೆ. ಸಿವಿಲ್ ಡಿಫೆನ್ಸ್ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪ್ದಾ ಮಿತ್ರ ಯೋಜನೆ ಇದೆ, ಅದರಲ್ಲಿ ಸಾಮಾನ್ಯ ನಾಗರಿಕರಿಗೇ ತರಬೇತಿ ಕೊಡುತ್ತಾರೆ. ಮುಂಬೈ ಮಹಾನಗರ ಪಾಲಿಕೆಗೆ ಪರೇಲ್‌ನಲ್ಲಿ ವಿಪತ್ತು ನಿರ್ವಹಣೆಯದ್ದೇ ಒಂದು ತರಬೇತಿ ಸಂಸ್ಥೆ ಇದೆ. ಪ್ರಥಮ ಚಿಕಿತ್ಸೆಗೆ ರೆಡ್ ಕ್ರಾಸ್, ಸೇಂಟ್ ಜಾನ್ ಆ್ಯಂಬುಲೆನ್ಸ್ ಇವೆ. ನಿಮ್ಮ ಕನ್ನಡ ಸಂಘದಲ್ಲಿ ಹತ್ತು ಹದಿನೈದು ಜನ ಆಸಕ್ತರಿದ್ದರೆ ಒಟ್ಟಾಗಿ ಹೋಗಿ ಕೇಳಿ. ಒಬ್ಬೊಬ್ಬರೇ ಕಲಿತವರಿಗಿಂತ ಒಟ್ಟಿಗೆ ಕಲಿತವರು ಸಮಯಕ್ಕೆ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ. ಪಕ್ಕದವರು ಏನು ಮಾಡಬಲ್ಲರು, ಏನು ಮಾಡಲಾರರು ಎಂದು ಮೊದಲೇ ಗೊತ್ತಿರುತ್ತದೆ.

ಸೇರಿದ ಮೇಲೆ ನಿಮ್ಮ ಬಗ್ಗೆ ನಿಜ ಹೇಳಿ. ಈಜು ಬರುತ್ತದಾ? ಎತ್ತರಕ್ಕೆ ತಲೆ ಸುತ್ತುತ್ತದಾ? ರಕ್ತ ನೋಡಿದರೆ ಆಗುವುದಿಲ್ವಾ? ಆಸ್ತಮಾ ಇದೆಯಾ? ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಈಜು ಬಾರದವರು ಬಹಳ ಒಳ್ಳೆಯ ಫೋನ್ ಸಂಯೋಜಕರಾಗಬಹುದು. ಆದರೆ ಈಜು ಬರುತ್ತದೆ ಎಂದು ಸುಳ್ಳು ಹೇಳಿದವರು ಇಡೀ ತಂಡವನ್ನು ಅಪಾಯಕ್ಕೆ ತಳ್ಳುತ್ತಾರೆ.

2. ಫೋನ್ ಕೆಲಸ ಒಬ್ಬರಿಗೇ ಕೊಡಿ

ಹತ್ತು ಜನ ನಿಂತಿರುತ್ತಾರೆ. ಪ್ರತಿಯೊಬ್ಬರೂ ಬೇರೆಯವರು ಕರೆ ಮಾಡಿರುತ್ತಾರೆ ಎಂದುಕೊಳ್ಳುತ್ತಾರೆ. ಯಾರೂ ಮಾಡಿರುವುದಿಲ್ಲ. ಆದ್ದರಿಂದ ಹೆಸರು ಹಿಡಿದು ಹೇಳಿ: "ನೀನು 112ಕ್ಕೆ ಫೋನ್ ಮಾಡು. ಮಾಡಿ ಬಂದು ನನಗೆ ಹೇಳು."

112 ಎಲ್ಲ ತುರ್ತಿಗೂ ಆಗುತ್ತದೆ. ಆ್ಯಂಬುಲೆನ್ಸ್‌ಗೆ 108, ಅಗ್ನಿಶಾಮಕಕ್ಕೆ 101. ಮುಂಬೈ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಗೆ 1916. ರೈಲಿನ ವಿಷಯಕ್ಕೆ 139. ಠಾಣೆ, ಕಲ್ಯಾಣ, ಡೊಂಬಿವಲಿಯವರು ತಮ್ಮ ಪಾಲಿಕೆಯ ನಿಯಂತ್ರಣ ಕೊಠಡಿಯ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ. 1916 ಬೃಹನ್ಮುಂಬೈಗೆ ಮಾತ್ರ.

ವಿಳಾಸ ಹೇಳುವಾಗ ಮೊದಲು ಹೇಳಬೇಕಾದದ್ದು ಪೂರ್ವವೋ ಪಶ್ಚಿಮವೋ ಎಂದು. ಮುಂಬೈಯಲ್ಲಿ ಹಳಿಯ ತಪ್ಪು ಕಡೆಗೆ ಹೋದ ಗಾಡಿ ತಿರುಗಿ ಬರಲು ಎಷ್ಟು ಹೊತ್ತು ಬೇಕು ಎಂದು ನಿಮಗೇ ಗೊತ್ತು. ಆಮೇಲೆ ಸ್ಟೇಷನ್, ದೊಡ್ಡ ಗುರುತು, ಗಲ್ಲಿ. ಆಮೇಲೆ ಏನಾಗಿದೆ, ಎಷ್ಟು ಜನ, ಯಾವ ರಸ್ತೆಯಲ್ಲಿ ನೀರಿಲ್ಲ. ಕೊನೆಗೆ ನಿಮ್ಮ ನಂಬರ್. ಅವರು ಇಡಿ ಎನ್ನುವವರೆಗೆ ಫೋನ್ ಇಡಬೇಡಿ.

ಇನ್ನೊಬ್ಬರನ್ನು ಗಲ್ಲಿಯ ಬಾಯಿಗೆ ಕಳುಹಿಸಿ. ಕೈಯಲ್ಲಿ ಟಾರ್ಚ್ ಇರಲಿ. ಅಡ್ಡ ನಿಂತ ಬೈಕ್, ರಿಕ್ಷಾ ಸರಿಸುವುದು, ಬಂದ ಗಾಡಿಗೆ ದಾರಿ ತೋರಿಸುವುದು ಅವರ ಕೆಲಸ. ಅದು ಚಿಕ್ಕ ಕೆಲಸ ಎಂದು ಯಾರಾದರೂ ಮುಖ ಸಣ್ಣದು ಮಾಡಿದರೆ ಒಂದು ಬೆಂಕಿ ಗಾಡಿ ಚಾಳ್‌ನ ಗಲ್ಲಿಯಲ್ಲಿ ಸಿಕ್ಕಿಕೊಂಡಾಗ ಎಷ್ಟು ನಿಮಿಷ ಕಳೆದುಹೋಗುತ್ತದೆ ಎಂದು ನೆನಪಿಸಿ.

3. ಅಂಚಿನಲ್ಲಿ ನಿಂತು ನೋಡಿ

ಜಾಗ ತಲುಪಿದ ಕೂಡಲೇ ನುಗ್ಗಬೇಡಿ. ಅಂಚಿನಲ್ಲಿ ನಿಂತು ಮೇಲೆ, ಕೆಳಗೆ, ಸುತ್ತ ನೋಡಿ. ಮೇಲೆ ತೂಗುವ ತಂತಿ, ಒರಗಿದ ಮರ, ಸಡಿಲವಾದ ಬೋರ್ಡು. ಕೆಳಗೆ ನೀರು, ಗುಂಡಿ, ಗ್ಯಾಸ್ ವಾಸನೆ. ನೀರಿನಲ್ಲಿ ಅರ್ಧ ಮುಳುಗಿದ ವಿದ್ಯುತ್ ಪೆಟ್ಟಿಗೆ ಕಂಡರೆ ಯಾರೂ ಆ ನೀರಿಗೆ ಇಳಿಯುವ ಹಾಗಿಲ್ಲ. ಮೊದಲು ಕರೆಂಟ್ ತೆಗೆಸಬೇಕು. ನಗರದೊಳಗೆ ಬೆಸ್ಟ್, ಉಪನಗರಗಳ ಬಹುಭಾಗಕ್ಕೆ ಅದಾನಿ, ಭಾಂಡುಪ್ ಮುಲುಂಡ್ ಕಡೆ ಮಹಾವಿತರಣ ಕರೆಂಟ್ ಕೊಡುತ್ತವೆ. ನಿಮ್ಮ ಬಿಲ್ಲಿನ ಮೇಲೆ ತುರ್ತು ನಂಬರ್ ಇರುತ್ತದೆ. ಅದನ್ನು ತಂಡದ ಎಲ್ಲರ ಫೋನಿನಲ್ಲಿ ಹಾಕಿಡಿ.

ರೈಲು ಹಳಿ ಹತ್ತಿರವಾದರೆ ಇನ್ನೂ ಎಚ್ಚರ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಬೇಕೆಂದೇ ಇಲ್ಲ, ಒದ್ದೆ ಬಿದಿರು ಹತ್ತಿರ ಹೋದರೂ ಸಾಕು. ರೈಲ್ವೆಯವರು ಹೇಳದೆ ಹಳಿಗೆ ಇಳಿಯಬೇಡಿ.

ಇಲ್ಲಿ ಒಂದು ನಿಯಮ ಗಟ್ಟಿ ಮಾಡಿಕೊಳ್ಳಿ. ಮೊದಲು ನಿಮ್ಮ ಸುರಕ್ಷೆ, ಆಮೇಲೆ ಜೊತೆಗಾರರದ್ದು, ಆಮೇಲೆ ಸುತ್ತ ನಿಂತವರದ್ದು, ಕೊನೆಗೆ ಸಿಕ್ಕಿಬಿದ್ದವರದ್ದು. ಕೇಳಿದರೆ ಇದು ಸ್ವಾರ್ಥ ಅನಿಸುತ್ತದೆ, ಅಲ್ವಾ? ನೀವು ಬಿದ್ದರೆ ತಂಡದ ಇಬ್ಬರು ನಿಮ್ಮನ್ನು ಎತ್ತಲು ಬರುತ್ತಾರೆ. ಆಗ ಮೊದಲು ಕೂಗಿದವರ ಹತ್ತಿರ ಯಾರೂ ಉಳಿಯುವುದಿಲ್ಲ.

4. ಕೆಲಸ ಹಂಚಿಕೊಳ್ಳಿ, ಒಬ್ಬರು ಕೈ ಕಟ್ಟಿ ನಿಲ್ಲಲಿ

ಒಬ್ಬ ನಾಯಕ ಬೇಕು. ಅವರು ವಯಸ್ಸಿನಲ್ಲಿ ಹಿರಿಯರೇ ಆಗಬೇಕಿಲ್ಲ, ತರಬೇತಿಯಲ್ಲಿ ಹಿರಿಯರಾಗಿದ್ದರೆ ಸಾಕು. ನಾಯಕರು ಹಗ್ಗ ಎಳೆಯಬಾರದು, ಸ್ಟ್ರೆಚರ್ ಹಿಡಿಯಬಾರದು. ಕೈಯಲ್ಲಿ ಹೊರೆ ಬಂದ ತಕ್ಷಣ ಅವರ ಕಣ್ಣು ಆ ಒಂದು ಹೊರೆಯ ಮೇಲೇ ನಿಲ್ಲುತ್ತದೆ, ಉಳಿದದ್ದು ಕಾಣುವುದಿಲ್ಲ. ಸುಮ್ನೆ ನಿಂತಿದ್ದಾರೆ ಎಂದು ಜನ ಬೈಯಬಹುದು. ಬೈಯಲಿ.

ಒಬ್ಬ ನಾಯಕ ನೇರವಾಗಿ ನೋಡಿಕೊಳ್ಳಬಹುದಾದದ್ದು ಸುಮಾರು ಐದು ಜನರನ್ನು. ಏಳು ದಾಟಿದರೆ ಗುಂಪು ಒಡೆದು ಇನ್ನೊಬ್ಬ ನಾಯಕನನ್ನು ಇಡಿ. ಜಗತ್ತಿನ ಹಲವು ರಕ್ಷಣಾ ಪಡೆಗಳು ಹೆಚ್ಚು ಕಡಿಮೆ ಇದೇ ಲೆಕ್ಕ ಹಿಡಿಯುತ್ತವೆ.

ನಾಯಕರ ಜೊತೆಗೆ ಇನ್ನೊಬ್ಬರು ಬೇಕೇ ಬೇಕು. ಅಪಾಯ ನೋಡುವವರು. ಅವರು ಕಾಪಾಡಬೇಕಾದವರ ಕಡೆಗೆ ನೋಡುವುದೇ ಇಲ್ಲ. ಗೋಡೆ ಅಲುಗಿತಾ, ನೀರು ಏರಿತಾ, ಮೇಲಿನಿಂದ ಏನು ತೇಲಿ ಬರ್ತಾ ಇದೆ ಎಂದು ಮಾತ್ರ ನೋಡುತ್ತಾರೆ. ಈ ಕೆಲಸ ಹೊಸಬರಿಗೆ ಕೊಡಬಹುದು, ಕೊಡಬೇಕು ಎಂದೇ ನನ್ನ ಅಭಿಪ್ರಾಯ. ಇಡೀ ಘಟನೆ ಹೇಗೆ ನಡೆಯುತ್ತದೆ ಎಂದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಪಾಯ ಕಂಡಾಗ ವಿಶಲ್ ಊದುವ ಹಕ್ಕು ಅವರಿಗೆ ಇರುತ್ತದೆ. ವಿಶಲ್ ಊದಿದರೆ ನಾಯಕನೂ ಹಿಂದೆ ಬರಬೇಕು. ಯಾಕೆ ಊದಿದೆ ಎಂದು ಅಲ್ಲೇ ನಿಂತು ಕೇಳುವಂತಿಲ್ಲ.

5. ಕೇಳಿದ್ದನ್ನು ತಿರುಗಿ ಹೇಳಿ

ನಮ್ಮ ಉಡುಪಿ ಹೋಟೆಲ್‌ಗಳಲ್ಲಿ ಇದನ್ನು ದಿನಾ ನೋಡುತ್ತೀರಿ. ಸಪ್ಲೈಯರ್ "ಎರಡು ಮಸಾಲೆ, ಒಂದು ಸಾದಾ" ಎಂದು ಕೂಗುತ್ತಾನೆ. ಒಳಗಿನಿಂದ ಕಾವಲಿ ಮುಂದೆ ನಿಂತವನು ಅದನ್ನೇ ತಿರುಗಿ ಕೂಗುತ್ತಾನೆ. ತಿರುಗಿ ಕೇಳುವವರೆಗೆ ಸಪ್ಲೈಯರ್ ಆ ಆರ್ಡರ್ ಮುಟ್ಟಿತು ಎಂದು ನಂಬುವುದಿಲ್ಲ. ರಕ್ಷಣೆಯಲ್ಲೂ ಅಷ್ಟೇ. ನಾಯಕ "ಹಗ್ಗ ಸಡಿಲ ಬಿಡು" ಎಂದರೆ ನೀವು "ಸಡಿಲ ಬಿಡ್ತಾ ಇದ್ದೀನಿ" ಎನ್ನಬೇಕು. ತಲೆ ಆಡಿಸಿದರೆ ಆಗದು. ಮಳೆಯಲ್ಲಿ, ಕತ್ತಲಲ್ಲಿ ತಲೆ ಕಾಣುವುದಿಲ್ಲ.

ಮುಂಬೈಯ ತಂಡದಲ್ಲಿ ಮರಾಠಿ, ಹಿಂದಿ, ಗುಜರಾತಿ, ತುಳು ಎಲ್ಲ ಇರುತ್ತದೆ. ಆದ್ದರಿಂದ ಆಜ್ಞೆಯ ಮಾತುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಮರಾಠಿಯಲ್ಲಿ ಎಳೆಯಿರಿ ಎನ್ನಲು "ಓಢಾ", ಬಿಡಿ ಎನ್ನಲು "ಸೋಡಾ". ಮಳೆ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ, ಅರ್ಥ ಮಾತ್ರ ತದ್ವಿರುದ್ಧ. ಹಗ್ಗದ ಕೆಲಸಕ್ಕೆ ಈ ಜೋಡಿ ಬೇಡ. ಎಳೆಯಲು "ಖೀಂಚೋ", ಸಡಿಲ ಬಿಡಲು "ಢೀಲ್" ಇಟ್ಟುಕೊಳ್ಳಿ. ಗಾಳಿಪಟ ಹಾರಿಸಿದ ಪ್ರತಿಯೊಬ್ಬ ಮುಂಬೈಕರನಿಗೂ ಅವು ಬಾಯಿಪಾಠ. ನಿಲ್ಲಿಸಲು "ಥಾಂಬಾ" ಇರಲಿ. ತಂಡದಲ್ಲಿ ಇಬ್ಬರು ಕನ್ನಡಿಗರಿದ್ದರೆ ಕೆಲಸದ ನಡುವೆ ಕನ್ನಡದಲ್ಲಿ ಆಜ್ಞೆ ಕೊಡಬೇಡಿ. ಉಳಿದವರು ಹೊರಗುಳಿಯುತ್ತಾರೆ.

ಆದರೆ ಕನ್ನಡ ಬೇಕೇ ಬೇಕಾಗುವ ಜಾಗವೂ ಇದೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಇಲ್ಲಿ ತುಂಬಾ ಇವೆ. ಊರಿಂದ ಮಗನ ಮನೆಗೆ ಬಂದ ಅಜ್ಜಿಯರಿದ್ದಾರೆ. ಭಯದಲ್ಲಿ ಅವರಿಗೆ ಹಿಂದಿ ಹೊಳೆಯುವುದಿಲ್ಲ. ಅಂಥ ಹೊತ್ತಿಗೆ ನಿಮ್ಮನ್ನು ಅವರ ತಲೆಯ ಹತ್ತಿರ ಕೂರಿಸಿ ಮಾತಾಡಿಸಲು ಬಿಡುವುದೇ ಸರಿ. "ಯವ್ವಾ, ನಾ ಇಲ್ಲೇ ಇದ್ದೀನಿ, ಎಲ್ಲೂ ಹೋಗಂಗಿಲ್ಲ" ಎಂದು ಅವರ ಮಾತಿನಲ್ಲೇ ಹೇಳಿ. ಎಲ್ಲಿ ನೋವು, ಒಳಗೆ ಇನ್ನೂ ಯಾರಿದ್ದಾರೆ, ಏನು ಮಾತ್ರೆ ತಗೊಳ್ತಾರೆ ಎಂಬುದೆಲ್ಲ ಆಗ ಹೊರಗೆ ಬರುತ್ತದೆ. ಅದನ್ನು ನಾಯಕರಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ಮುಟ್ಟಿಸಿ.

ವಿಶಲ್ ಸಂಕೇತಗಳು ಮೂರೇ. ಕುಸಿದ ಕಟ್ಟಡಗಳಲ್ಲಿ ಕೆಲಸ ಮಾಡುವ ಅಂತರರಾಷ್ಟ್ರೀಯ ತಂಡಗಳು ಬಳಸುವುದೂ ಇವನ್ನೇ. ಚಿಕ್ಕದಾಗಿ ಮೂರು ಸಲ ಊದಿದರೆ ಎಲ್ಲರೂ ಹೊರಗೆ. ಉದ್ದಕ್ಕೆ ಒಂದು ಸಲ ಊದಿದರೆ ಕೆಲಸ ನಿಲ್ಲಿಸಿ, ಸದ್ದು ಬೇಡ. ಒಂದು ಉದ್ದ, ಒಂದು ಚಿಕ್ಕದು ಎಂದರೆ ಮತ್ತೆ ಶುರು ಮಾಡಿ.

6. ನೀರಿನಲ್ಲಿ: ಕೈ ಚಾಚು, ಹಗ್ಗ ಎಸೆ, ಇಳಿಯುವುದು ಕೊನೆಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂಬೈಯಲ್ಲಿ ನಿಮ್ಮನ್ನು ಜಾಸ್ತಿ ಕರೆಯುವುದು ನೀರಿಗೇ.

ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ತಪ್ಪಿಸಬಲ್ಲದು. 60 ಸೆಂಟಿಮೀಟರ್ ಆದರೆ ಕಾರನ್ನೇ ತೇಲಿಸುತ್ತದೆ. ಅದರ ಮೇಲೆ ನಮ್ಮ ರಸ್ತೆಗಳ ಮ್ಯಾನ್‌ಹೋಲ್. 2017ರ ಆಗಸ್ಟ್ 29ರ ಮಳೆಯಲ್ಲಿ ನಗರದ ಹೆಸರಾಂತ ವೈದ್ಯರೊಬ್ಬರು ನೀರಿನಡಿ ತೆರೆದಿದ್ದ ಮ್ಯಾನ್‌ಹೋಲ್‌ಗೆ ಬಿದ್ದು ತೀರಿಕೊಂಡರು. ಮನೆಗೆ ನಡೆದು ಹೋಗುತ್ತಿದ್ದವರು ಅವರು. ನೀರು ಹೊರಹೋಗಲಿ ಎಂದು ಮುಚ್ಚಳ ನೀವೇ ತೆಗೆಯಬೇಡಿ, ತೆಗೆಯುವವರನ್ನು ತಡೆಯಿರಿ. ತೆರೆದದ್ದು ಕಂಡರೆ 1916ಕ್ಕೆ ಹೇಳಿ, ಅಲ್ಲಿ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿ. ನಿಂತ ನೀರಿನಲ್ಲಿ ನಡೆಯಲೇಬೇಕಾದರೆ ಮುಂದಿನವರು ಕೋಲಿನಿಂದ ನೆಲ ಮುಟ್ಟಿ ನೋಡುತ್ತಾ ಹೋಗಲಿ, ಉಳಿದವರು ಅವರ ಹೆಜ್ಜೆಯ ಜಾಡಿನಲ್ಲೇ ಬರಲಿ.

ಯಾರಾದರೂ ನಾಲೆಯಲ್ಲಿ ಸಿಕ್ಕಿಕೊಂಡರೆ ಮೊದಲು ಮಾತಾಡಿಸಿ. ಹಿಡಿದದ್ದನ್ನು ಬಿಡಬೇಡಿ ಎಂದು ಹೇಳಿ. ಆಮೇಲೆ ಬಿದಿರು, ಏಣಿ, ದುಪಟ್ಟಾ ಏನಾದರೂ ಚಾಚಿ. ನೀವು ಮಲಗಿ ಚಾಚಿ, ನಿಮ್ಮ ಕಾಲನ್ನು ಇನ್ನೊಬ್ಬರು ಹಿಡಿದುಕೊಳ್ಳಲಿ. ಅದಕ್ಕೂ ಸಿಗದಿದ್ದರೆ ಹಗ್ಗ ಎಸೆಯಿರಿ.

ಹಗ್ಗ ಎಸೆಯಲು ಥ್ರೋ ಬ್ಯಾಗ್ ಇದ್ದರೆ ಒಳ್ಳೆಯದು. ಚೀಲದೊಳಗೆ ತೇಲುವ ಹಗ್ಗ ತುಂಬಿಸಿಟ್ಟಿರುತ್ತಾರೆ. ಹಗ್ಗದ ತುದಿ ಒಂದು ಕೈಯಲ್ಲಿ ಹಿಡಿದು ಚೀಲ ಎಸೆಯಬೇಕು. ಎಸೆಯುವ ಮುಂಚೆ ಅವರ ಗಮನ ನಿಮ್ಮ ಕಡೆ ಬರುವಂತೆ "ಹಗ್ಗ!" ಎಂದು ಜೋರಾಗಿ ಕೂಗಿ. ಚೀಲ ಅವರ ತಲೆ ದಾಟಿ ಆಚೆ ಬೀಳಬೇಕು, ಹಗ್ಗ ಅವರ ಭುಜದ ಮೇಲೆ ಬರಬೇಕು. ಹಿಡಿದ ಮೇಲೆ ಅವರು ಅಂಗಾತ ಮಲಗಿ, ಹಗ್ಗ ಎದೆಯ ಮೇಲೆ ಹಿಡಿದುಕೊಳ್ಳಲಿ. ನೀವು ಕೂತು, ಕಾಲು ನೆಲಕ್ಕೆ ಊರಿ ಗಟ್ಟಿಯಾಗಿ ಹಿಡಿಯಿರಿ. ಎಳೆಯಲು ಹೋಗಬೇಡಿ. ನೀರೇ ಅವರನ್ನು ದಂಡೆಯ ಕಡೆ ತಿರುಗಿಸಿ ತರುತ್ತದೆ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಸೊಂಟಕ್ಕೆ ಕಟ್ಟಿಕೊಳ್ಳಬೇಡಿ. ಸೆಳವು ಜೋರಾದರೆ ಬಿಡುವುದಕ್ಕೆ ಆಗಬೇಕು. ಕಟ್ಟಿಕೊಂಡವರನ್ನು ಅದೇ ಹಗ್ಗ ನೀರಿನಡಿಗೆ ಎಳೆಯುತ್ತದೆ.

ಈಗ ತಂಡದ ಜಾಗಗಳು. ಎಸೆಯುವವರು ಒಬ್ಬರು. ಅವರ ಬೆನ್ನ ಹಿಂದೆ ಅವರ ಲೈಫ್ ಜಾಕೆಟ್ ಹಿಡಿದು ಕೂರುವವರು ಒಬ್ಬರು. ನೀರು ಬರುವ ಕಡೆ ಸ್ವಲ್ಪ ಮೇಲೆ ನಿಂತು ಮರದ ತುಂಡು, ತಗಡು ತೇಲಿ ಬರುತ್ತದಾ ಎಂದು ನೋಡುವವರು ಒಬ್ಬರು. ನೀರು ಹೋಗುವ ಕಡೆ ಸ್ವಲ್ಪ ಕೆಳಗೆ ಇನ್ನೊಂದು ಹಗ್ಗ ಹಿಡಿದು ನಿಲ್ಲುವವರು ಒಬ್ಬರು. ಮೊದಲ ಎಸೆತ ತಪ್ಪಿದರೆ ಉಳಿಯುವುದು ಆ ಕೆಳಗಿನವರ ಹಗ್ಗ ಮಾತ್ರ. ಯಾರೂ ಬರಲಿಲ್ಲ ಎಂದರೆ ಅವರು ಇಡೀ ಹೊತ್ತು ಮಳೆಯಲ್ಲಿ ನೆನೆಯುತ್ತಾ ಏನೂ ಮಾಡದೆ ನಿಂತಿರುತ್ತಾರೆ. ಆದರೂ ಜಾಗ ಬಿಡುವ ಹಾಗಿಲ್ಲ.

ನಮ್ಮ ಒಂದು ಈಜುಕೊಳದ ಅಭ್ಯಾಸದಲ್ಲಿ ಒಬ್ಬ ಹುಡುಗನಿದ್ದ. ಬಂಟ್ವಾಳ ಕಡೆಯವನು, ನೇತ್ರಾವತಿಯಲ್ಲಿ ಈಜಿ ಬೆಳೆದವನು, ತಂಡದಲ್ಲೇ ಒಳ್ಳೆಯ ಈಜುಗಾರ. ಅವನಿಗೆ ಕೊಟ್ಟದ್ದು ಹಗ್ಗ ಹಿಡಿದು ಕೂರುವ ಕೆಲಸ. ಮುಳುಗುವವರ ಪಾತ್ರ ಮಾಡುತ್ತಿದ್ದ ತರಬೇತುದಾರರು ಚೆನ್ನಾಗಿಯೇ ಕೂಗಿಕೊಂಡರು. ಇವನಿಗೆ ತಡೆಯಲಾಗಲಿಲ್ಲ. ಹಗ್ಗ ಕೆಳಗೆ ಹಾಕಿ ಹಾರಿಬಿಟ್ಟ. ಎರಡೇ ಕೈ ಹಾಕಿ ಅವರ ಹತ್ತಿರ ಹೋದ. ತರಬೇತುದಾರರು, ನಿಜವಾಗಿ ಮುಳುಗುವವರು ಮಾಡುವ ಹಾಗೆಯೇ, ಅವನ ಕುತ್ತಿಗೆ ತಬ್ಬಿ ಮೇಲೆ ಹತ್ತಿದರು. ಅವನ ಮುಖ ನೀರೊಳಗೆ ಹೋಯಿತು. ದಂಡೆಯ ಮೇಲೆ ಹಗ್ಗ ಒದ್ದೆಯಾಗಿ ಬಿದ್ದಿತ್ತು, ಎಸೆಯಲು ಕೈಗಳೇ ಇರಲಿಲ್ಲ. ವಿಶಲ್ ಊದಿ ಇಬ್ಬರನ್ನೂ ಬಿಡಿಸಿದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅದೇ ಪಾತ್ರ, ಅದೇ ಜಾಗ. ಈ ಸಲ ಅವನು ಕೂತ. ಕಾಲು ಅಂಚಿನ ಕಟ್ಟೆಗೆ ಕೊಟ್ಟ. ಪಕ್ಕದ ಹುಡುಗಿ ಎಸೆದ ಚೀಲ ಸರಿಯಾಗಿ ಭುಜದ ಮೇಲೆ ಬಿತ್ತು. ಕೂಗು ಕೇಳಿದಾಗಲೆಲ್ಲ ಅವನ ಮಂಡಿ ಏಳಲು ಹವಣಿಸುತ್ತಿತ್ತು, ಕೈ ಮಾತ್ರ ಬಿಡಲಿಲ್ಲ. ತರಬೇತುದಾರರು ಅಂಗಾತ ತೇಲುತ್ತಾ ದಂಡೆಗೆ ಬಂದರು. ಅವನು ನೀರು ಮುಟ್ಟಲೇ ಇಲ್ಲ. ಆಮೇಲೆ ಅವನೇ ಹೊಸಬರಿಗೆ ಕೂರುವುದು ಹೇಗೆ ಎಂದು ತೋರಿಸುತ್ತಿದ್ದ.

7. ಮನೆ, ಗೋಡೆ, ಮರ ಬಿದ್ದಾಗ

ಅವಶೇಷದ ರಾಶಿಯ ಮೇಲೆ ಹತ್ತಬೇಡಿ. ನಿಮ್ಮ ಭಾರಕ್ಕೆ ಅಡಿಯ ಸಂದು ಮುಚ್ಚಿಹೋಗಬಹುದು. ಆ ಸಂದಿನಲ್ಲೇ ಒಬ್ಬರು ಉಸಿರಾಡುತ್ತಿರಬಹುದು. ಗ್ಯಾಸ್ ಮತ್ತು ಕರೆಂಟ್ ತೆಗೆಸಿ. ಒಬ್ಬರು ನೋಟ್‌ಬುಕ್ ಹಿಡಿದು ಅಕ್ಕಪಕ್ಕದವರನ್ನು ಕೂರಿಸಿ ಕೇಳಲಿ: ಯಾವ ಮಹಡಿಯಲ್ಲಿ ಯಾರು, ಈ ಹೊತ್ತಿಗೆ ಯಾರು ಕೆಲಸಕ್ಕೆ ಹೋಗಿರುತ್ತಾರೆ, ಮಲಗುವ ಜಾಗ ಯಾವುದು. ಅಗ್ನಿಶಾಮಕದವರು ಬಂದಾಗ ಅವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಈ ಪುಟ. ಸಂಬಂಧಿಕರಿಗಿಂತ ಹಾಲಿನವರು, ಇಸ್ತ್ರಿಯವರು, ವಾಚ್‌ಮನ್ ಇದನ್ನು ಚೆನ್ನಾಗಿ ಬಲ್ಲರು.

ಆಗಾಗ ಉದ್ದ ವಿಶಲ್ ಊದಿ ಎಲ್ಲರನ್ನೂ ಸುಮ್ಮನಾಗಿಸಿ. ಫೋನ್, ಎಂಜಿನ್ ಎಲ್ಲ ಬಂದ್. ಒಬ್ಬರು ಮಾತ್ರ ಕೂಗಿ ಕರೆಯಲಿ, ಉಳಿದವರು ಕಿವಿಗೊಡಲಿ.

ದೊಡ್ಡ ತೊಲೆಯಡಿ ಬಹಳ ಹೊತ್ತು ಸಿಕ್ಕಿಕೊಂಡವರನ್ನು ವೈದ್ಯರಿಲ್ಲದೆ ಒಮ್ಮೆಲೇ ಬಿಡಿಸಬಾರದು. ಜಜ್ಜಿದ ಮಾಂಸಖಂಡದಿಂದ ಹೊರಬಂದ ಅಂಶಗಳು ರಕ್ತಕ್ಕೆ ಸೇರಿ ಹೃದಯ ನಿಂತುಬಿಡಬಹುದು. ಮಾತಾಡಿಸುತ್ತಾ ಇರಿ, 108ರ ವೈದ್ಯರನ್ನು ಅಲ್ಲಿಗೆ ಕರೆತನ್ನಿ.

ನಾವು ಒಳ್ಳೆಯ ಮನಸ್ಸಿನಿಂದ ತರುವ ಸಾಮಾನೂ ಅಪಾಯ ಆಗಬಹುದು. 2024ರ ಮೇ 13ರಂದು ಘಾಟ್ಕೋಪರ್‌ನ ಛೇಡಾ ನಗರದಲ್ಲಿ ಬಿರುಗಾಳಿಗೆ ಭಾರಿ ಹೋರ್ಡಿಂಗ್ ಪೆಟ್ರೋಲ್ ಪಂಪ್ ಮೇಲೆ ಬಿತ್ತು. 17 ಜನ ಸತ್ತರು. ಕಬ್ಬಿಣ ಕತ್ತರಿಸಿದರೆ ಬೇಗ ಆಗುತ್ತಿತ್ತು ಎಂದು ಹೊರಗೆ ನಿಂತ ಯಾರಿಗಾದರೂ ಅನಿಸುತ್ತದೆ. ಆದರೆ ಅಡಿಯಲ್ಲಿ ಪೆಟ್ರೋಲ್ ಇತ್ತು, ಕಿಡಿ ಹಾರಿದರೆ ಎಲ್ಲರೂ ಹೋಗುತ್ತಿದ್ದರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು (ಎನ್‌ಡಿಆರ್‌ಎಫ್) ಅದಕ್ಕೇ ತಡೆದು ತಡೆದು ಕೆಲಸ ಮಾಡಬೇಕಾಯಿತು. ಹೊರಗಿನಿಂದ ನಿಧಾನ ಎಂದು ಕಾಣುವುದರ ಹಿಂದೆ ಕಾರಣ ಇರುತ್ತದೆ. ಕೇಳದೆ ಕಟರ್, ಜೆಸಿಬಿ ತರಿಸಬೇಡಿ.

8. ಎತ್ತುವಾಗ ತಲೆ ಹಿಡಿದವರ ಮಾತೇ ಮಾತು

ಬಿದ್ದವರ ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದು ಅನಿಸಿದರೆ, ಜಾಗ ಸುರಕ್ಷಿತವಾಗಿದ್ದರೆ, ಅಲುಗಿಸದೆ 108ಕ್ಕೆ ಕಾಯಿರಿ. ನೀರು ಏರುತ್ತಿದೆ, ಗೋಡೆ ಬೀಳುವ ಹಾಗಿದೆ ಎಂದಾದರೆ ಮಾತ್ರ ಹೊರಳಿಸಿ ಹಲಗೆಗೆ ತೆಗೆದುಕೊಳ್ಳಿ.

ಅದಕ್ಕೆ ನಾಲ್ಕು ಜನ ಬೇಕು. ಒಬ್ಬರು ತಲೆಯ ಹಿಂದೆ ಮಂಡಿಯೂರಿ ಎರಡೂ ಕೈಯಲ್ಲಿ ತಲೆ ಅಲುಗದಂತೆ ಹಿಡಿಯುತ್ತಾರೆ. ಮೂವರು ಒಂದೇ ಬದಿಗೆ. ಒಬ್ಬರ ಕೈ ಭುಜ ಮತ್ತು ಸೊಂಟದಲ್ಲಿ, ಇನ್ನೊಬ್ಬರದ್ದು ಸೊಂಟ ಮತ್ತು ತೊಡೆಯಲ್ಲಿ, ಮೂರನೆಯವರದ್ದು ಕಾಲಿನಲ್ಲಿ. ಪಕ್ಕದವರ ಕೈಗಳು ಒಂದನ್ನೊಂದು ದಾಟಿರಬೇಕು. ಎಣಿಸುವವರು ತಲೆ ಹಿಡಿದವರು ಮಾತ್ರ. ಅವರು ಮೊದಲೇ ಹೇಳಬೇಕು: "ಮೂರು ಅಂದಾಗ ಹೊರಳಿಸುವುದು. ಮೂರರ ನಂತರ ಅಲ್ಲ." ಎರಡು ಜನ ಮೂರಕ್ಕೆ, ಒಬ್ಬರು ಮೂರು ಮುಗಿದ ಮೇಲೆ ಎಳೆದರೆ ಬೆನ್ನು ತಿರುಚುತ್ತದೆ. ನಡುವೆ ಯಾರಿಗಾದರೂ ಕೈ ಜಾರಿತು ಅನಿಸಿದರೆ "ಥಾಂಬಾ" ಎಂದು ಹೇಳುವ ಹಕ್ಕು ಎಲ್ಲರಿಗೂ ಇದೆ, ಅತಿ ಹೊಸಬರಿಗೂ.

ಚಾಳ್‌ನ ಕಿರಿದಾದ ಮೆಟ್ಟಿಲು ಇಳಿಯುವಾಗ ರೋಗಿಯ ಕಾಲು ಮುಂದೆ, ತಲೆ ಹಿಂದೆ. ಕೆಳಗಿನವರ ಹಿಂದೆ ಒಬ್ಬರು ಬೆನ್ನ ಮೇಲೆ ಕೈಯಿಟ್ಟು ಮೆಟ್ಟಿಲು ಎಣಿಸಿ ಹೇಳುತ್ತಾ ಇಳಿಸಲಿ. ಗಟ್ಟಿಮುಟ್ಟಾದ ಹುಡುಗರೂ ಎರಡು ಮಹಡಿಗೆ ಸುಸ್ತಾಗುತ್ತಾರೆ. ಸುಸ್ತಾಗುವ ಮುಂಚೆ ಕೈ ಬದಲಿಸಿ.

9. ಎದೆ ಒತ್ತುವುದೂ ಒಬ್ಬರ ಕೆಲಸ ಅಲ್ಲ

ಎಚ್ಚರ ಇಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದಾದರೆ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವುದನ್ನು, ಶುರು ಮಾಡಿ. ದೊಡ್ಡವರಿಗೆ ಎದೆಯ ನಡುವೆ, 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲು ಬಿಡಿ. ತರಬೇತಿ ಇದ್ದವರು 30 ಒತ್ತಿಗೆ 2 ಉಸಿರು ಕೊಡುತ್ತಾರೆ. ನೀರಿನಿಂದ ತೆಗೆದವರಿಗೆ ಉಸಿರು ತುಂಬಾ ಮುಖ್ಯ, ಮೊದಲು ಕೊಡಬೇಕಾದದ್ದೂ ಅದೇ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಹಿಡಿಯುವುದು ಬೇಡವೇ ಬೇಡ. ಊರಲ್ಲೂ ಇಲ್ಲೂ ಜನ ಇದನ್ನು ಇನ್ನೂ ಮಾಡುತ್ತಾರೆ. ಸಮಯ ಹಾಳಾಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ.

ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ನನಗೆ ಇನ್ನೂ ಶಕ್ತಿ ಇದೆ ಎಂದು ನಿಮಗೆ ಅನಿಸುತ್ತಿರುತ್ತದೆ, ಆಳ ಮಾತ್ರ ಆಗಲೇ ಕಡಿಮೆಯಾಗಿರುತ್ತದೆ. ಆದ್ದರಿಂದ ಒಬ್ಬರು ಗಡಿಯಾರ ನೋಡಲಿ. ಮುಂದಿನವರು ಎದುರು ಬದಿಯಲ್ಲಿ ಆಗಲೇ ಮಂಡಿಯೂರಿ, ಕೈ ಜೋಡಿಸಿ ತಯಾರಾಗಿರಲಿ. "ಬದಲಿ" ಎಂದ ಕೂಡಲೇ ನೀವು ಕೈ ತೆಗೆಯಬೇಕು, ಅವರ ಕೈ ಬೀಳಬೇಕು.

10. ದೊಡ್ಡ ಪಡೆ ಬಂದಾಗ ಒಪ್ಪಿಸಿ

ಅಗ್ನಿಶಾಮಕ, ಪೊಲೀಸ್, ಎನ್‌ಡಿಆರ್‌ಎಫ್ ಬಂದಾಗ ಕೆಲವರಿಗೆ ಬೇಸರವಾಗುತ್ತದೆ. ಇಷ್ಟು ಹೊತ್ತು ನಾವು ಒದ್ದಾಡಿದ್ದು, ಈಗ ಪಕ್ಕಕ್ಕೆ ಸರಿಯಿರಿ ಅಂತಾರೆ ಎಂದು. ಸರಿಯಿರಿ. ನಿಮ್ಮ ನಾಯಕ ಅವರ ನಾಯಕನಿಗೆ ಚುಟುಕಾಗಿ ಹೇಳಲಿ: ಏನಾಯಿತು, ಯಾವಾಗ, ಎಷ್ಟು ಜನ ಸಿಕ್ಕರು, ಎಷ್ಟು ಜನ ಒಳಗಿದ್ದಾರೆ, ನಾವು ಏನು ಮಾಡಿದ್ದೇವೆ, ಏನು ಅಪಾಯ ಕಂಡಿದ್ದೇವೆ. ಆಮೇಲೆ "ನಾವು ಇಷ್ಟು ಜನ ಇದ್ದೇವೆ, ಏನು ಮಾಡಲಿ?" ಎಂದು ಕೇಳಿ. ಬಹಳ ಸಲ ಜನರನ್ನು ದೂರ ಇಡುವುದು, ನೀರು ಕುಡಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು ನಿಮ್ಮ ಪಾಲಿಗೆ ಬರುತ್ತದೆ.

2019ರ ಜುಲೈ 27ರಂದು ಕೊಲ್ಲಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿ ಹತ್ತಿರ ಉಲ್ಲಾಸ ನದಿಯ ನೆರೆಯಲ್ಲಿ ಸಿಕ್ಕಿಕೊಂಡಿತು. ಸುಮಾರು 1,050 ಪ್ರಯಾಣಿಕರು, ಗರ್ಭಿಣಿಯರೂ ಇದ್ದರು. ಎಲ್ಲರೂ ಸುರಕ್ಷಿತವಾಗಿ ಹೊರಬಂದರು. ಎನ್‌ಡಿಆರ್‌ಎಫ್ ದೋಣಿ ತಂದಿತು, ನೌಕಾಪಡೆಯ ಮುಳುಗುಗಾರರು ಬಂದರು, ಊರಿನವರು ಕೈ ಜೋಡಿಸಿದರು. ರೈಲಿನಿಂದ ಇಳಿಯಬೇಡಿ ಎಂದು ರೈಲ್ವೆ ಹೇಳಿದ ಮಾತನ್ನು ಪ್ರಯಾಣಿಕರು ಕೇಳಿದರು. ಬೋಗಿಯಲ್ಲಿ ಸುಮ್ಮನೆ ಕೂತು ಸರದಿಗೆ ಕಾದವರ ಪಾಲೂ ಆ ಯಶಸ್ಸಿನಲ್ಲಿ ಇದೆ ಎಂದು ನಾನು ನಂಬುತ್ತೇನೆ.

ಫೋಟೋ, ವಿಡಿಯೋ ಬೇಡ. ಗಾಯಗೊಂಡವರ ಮುಖ ಅವರ ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮೊದಲು ಕಾಣಬಾರದು. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಪೊಲೀಸರು ಹೆಸರು ಹೇಳಿ, ಸಾಕ್ಷಿ ಹೇಳಿ ಎಂದು ಒತ್ತಾಯಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಂ ಆ ರಕ್ಷಣೆ ಕೊಡುತ್ತದೆ. ಹೆದರಿ ಹಿಂದೆ ಸರಿಯುವ ಜೊತೆಗಾರರಿಗೆ ಇದನ್ನು ತಿಳಿಸಿ.

11. ಮನೆಗೆ ಹೋಗುವ ಮುಂಚೆ

ತಲೆ ಎಣಿಸಿ. ಹೊರಟವರೆಲ್ಲ ಇದ್ದಾರಾ? ಹೇಳದೆ ಯಾರೂ ಮನೆಗೆ ಹೋಗಬಾರದು. ಹೋದರೆ ಉಳಿದವರು ಅವರನ್ನು ನೀರಿನಲ್ಲಿ ಹುಡುಕುತ್ತಾರೆ.

ಸೋಪು ಹಾಕಿ ಕೈಕಾಲು ತೊಳೆಯಿರಿ. ಮುಂಬೈಯ ನೆರೆನೀರಿನಲ್ಲಿ ಇಲಿ ಮೂತ್ರ ಸೇರಿ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಚಿಕ್ಕ ಗಾಯವೂ ಅದಕ್ಕೆ ಬಾಗಿಲು. ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆ ಮಾತ್ರೆ ಬೇಕೇ ಎಂದು ಕೇಳಿ. ಪಾಲಿಕೆ ಪ್ರತಿ ಮಳೆಗಾಲ ಇದನ್ನೇ ಹೇಳುತ್ತದೆ. ಆಮೇಲೆ ಜ್ವರ ಬಂದರೆ ನೀರಿಗೆ ಇಳಿದಿದ್ದೆ ಎಂದು ವೈದ್ಯರಿಗೆ ತಿಳಿಸಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ಎಂದೂ ನೋಡಿಕೊಳ್ಳಿ.

ಅದೇ ದಿನವೋ ಮರುದಿನವೋ ಚಹಾ ಹಿಡಿದು ತಂಡ ಒಟ್ಟಿಗೆ ಕೂರಲಿ. ಏನಾಗಬೇಕಿತ್ತು, ಏನಾಯಿತು, ಮುಂದಿನ ಸಲ ಏನು ಬದಲಿಸೋಣ. ಅತಿ ಹೊಸಬರು ಮೊದಲು ಮಾತಾಡಲಿ. ಹಿರಿಯರು ಮಾತಾಡಿದ ಮೇಲೆ ಅವರು ಬಾಯಿ ಬಿಡುವುದಿಲ್ಲ. ಯಾರಿಗಾದರೂ ನಿದ್ದೆ ಬರದಿದ್ದರೆ, ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಕೈಯಲ್ಲಿ ಸವರುತ್ತಾ ಗಾಯ ಆಗಿದೆಯಾ ನೋಡಿ. ಉಬ್ಬು ತಗ್ಗು ಸಿಕ್ಕಿದರೆ ಅದನ್ನು ಬಟ್ಟೆ ಒಣಗಿಸಲು ಕೊಟ್ಟುಬಿಡಿ, ಹೊಸದು ತನ್ನಿ. ಚೀಲಕ್ಕೆ ತುಂಬುವಾಗ ಸುತ್ತಿ ಇಡಬೇಡಿ, ಸ್ವಲ್ಪ ಸ್ವಲ್ಪವೇ ತುರುಕಿ. ಸುತ್ತಿಟ್ಟದ್ದು ಎಸೆದಾಗ ಗಂಟು ಬೀಳುತ್ತದೆ. ಟಾರ್ಚಿನ ಸೆಲ್ ಬದಲಿಸಿ, ವಿಶಲ್ ಊದಿ ನೋಡಿ, ಕೈಗವಸು ಎಣಿಸಿ. ಮುಂದಿನ ಭಾನುವಾರದ ಅಭ್ಯಾಸಕ್ಕೆ ಯಾರು ಯಾವ ಜಾಗದಲ್ಲಿ ಎಂದು ಗುಂಪಿನಲ್ಲಿ ಈಗಲೇ ಹಾಕಿ. ಈ ಸಲ ಎಸೆದವರು ಮುಂದಿನ ಸಲ ಹಿಂದೆ ಕೂರಲಿ.